ಬೇರೆಯವರ ಸೇವ್ ಫೈಲು, ನಮ್ಮ ತರಗತಿಯ ಗಣಿತ



ವಿಜ್ಞಾನ ಪತ್ರಿಕೆಯೊಳಗ ಕುಸ್ತಿ ವಿಡಿಯೋ ಗೇಮಿನ ಮಾತು ಯಾಕ್ರಿ ಅಂತ ನೀವು ಕೇಳುವುದು ಸಹಜ. ಪುಟ ತಿರುವುವ ಮೊದಲು ಒಂದು ಸಂಗತಿ ಗಮನಿಸಿ. ನಿಮ್ಮ ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅಣ್ಣನ ಫೋನಿನಲ್ಲಿ ಹಳೆಯ ಕುಸ್ತಿ ಆಟ ಆಡುತ್ತಾನೆ ಅಂತ ಇಟ್ಟುಕೊಳ್ಳಿ. ಮೊದಲ ದಿನವೇ ಅವನ ಆಟದಲ್ಲಿ ಎಲ್ಲ ಪೈಲ್ವಾನರೂ ಸಿದ್ಧ, ಎಲ್ಲ ಅಖಾಡಗಳೂ ಮುಕ್ತ. ತಿಂಗಳುಗಟ್ಟಲೆ ಆಡಿ ಗಳಿಸಬೇಕಾದದ್ದು ಒಂದೇ ದಿನದಲ್ಲಿ ಹೇಗೆ ಬಂತು? ಯಾರೋ ದೂರದವರು ಆಡಿ, ಕಟ್ಟಿ, ಹಂಚಿದ ಸೇವ್ ಫೈಲನ್ನು ಅವನು ತಂದು ಹಾಕಿಕೊಂಡಿರುತ್ತಾನೆ.

ನಾವು ಮಾಸ್ತರರು ಇದಕ್ಕೆ ಸಾಮಾನ್ಯವಾಗಿ ಎರಡು ರೀತಿ ನಡೆದುಕೊಳ್ಳುತ್ತೇವೆ. ಒಂದೋ ಬೈಯುತ್ತೇವೆ, ಇಲ್ಲವೋ ಕಂಡೂ ಕಾಣದಂತೆ ಹೋಗುತ್ತೇವೆ. ನನ್ನ ಅಭಿಪ್ರಾಯ ಮೂರನೆಯದು. ಬೇರೆಯವರ ಸೇವ್ ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅದರ ಒಳಗೇನಿದೆ ಅಂತ ಬಿಚ್ಚಿ ನೋಡದೆ ಬಿಟ್ಟರೆ ದೊಡ್ಡ ನಷ್ಟ. ಆ ಬಿಚ್ಚಿ ನೋಡುವ ಕೆಲಸ ವಿಜ್ಞಾನ ಮತ್ತು ಗಣಿತದ ತರಗತಿಯದು. ಅದಕ್ಕೆ ಕಂಪ್ಯೂಟರೂ ಬೇಡ, ಆಟವೂ ಬೇಡ. ಡಬ್ಬಿಯೊಂದು, ಇಪ್ಪತ್ತು ಚೀಟಿ ಇದ್ದರೆ ಸಾಕು.

ಸೇವ್ ಫೈಲಿನಲ್ಲಿ ಆಟ ಇರುವುದಿಲ್ಲ

ಮಕ್ಕಳಲ್ಲಿ, ಎಷ್ಟೋ ಸಲ ದೊಡ್ಡವರಲ್ಲೂ, ಒಂದು ಗೊಂದಲ ಇದೆ: ಸೇವ್ ಫೈಲು ಅಂದರೆ ಆಟದ ನಕಲು ಅಂತ. ಹಾಗಲ್ಲ. ಆಟದ ತಂತ್ರಾಂಶ, ಚಿತ್ರ, ಸದ್ದು ಇವೆಲ್ಲ ಡಿಸ್ಕಿನಲ್ಲಿ ಅಥವಾ ಕ್ಯಾಸೆಟ್ಟಿನಲ್ಲಿ ಇರುತ್ತವೆ. ಸೇವ್ ಫೈಲಿನಲ್ಲಿ ಇರುವುದು ಬರೀ ಸಂಖ್ಯೆಗಳು. ಪೈಲ್ವಾನನ ಹೆಸರಿನ ಅಕ್ಷರಗಳಿಗೊಂದಿಷ್ಟು ಸಂಖ್ಯೆ, ಅವನ ಮುಖಕ್ಕೊಂದು, ಚಡ್ಡಿಯ ಬಣ್ಣಕ್ಕೊಂದು, ಅವನು ಹಾಕುವ ಪ್ರತಿಯೊಂದು ಪಟ್ಟಿಗೂ ಒಂದೊಂದು. ಆ ಸಂಖ್ಯೆಗಳನ್ನು ಓದಿ ಅರ್ಥ ಕೊಡುವುದು ಆಟ. ಆಟ ಇಲ್ಲದೆ ಸೇವ್ ಫೈಲು ಮೂಕ. ಸೇವ್ ಇಲ್ಲದೆ ಆಟ ಮಾತಾಡುತ್ತದೆ, ಆದರೆ ನಿಮ್ಮನ್ನು ಮರೆತಿರುತ್ತದೆ.

ಇದು ನಮಗೆ ಹೊಸದೇನಲ್ಲ ನೋಡ್ರಿ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಆ ಫಾಂಟಿಲ್ಲದ ಫೋನಿನಲ್ಲಿ ತೆರೆದಾಗ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ರಾಶಿ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಫೈಲು ಕೆಟ್ಟಿರಲಿಲ್ಲ. ಒಳಗಿನ ಸಂಖ್ಯೆಗಳು ಇದ್ದಂತೆಯೇ ಇದ್ದವು, ಓದುವ ಕ್ರಮ ಬೇರೆಯಾಗಿತ್ತು, ಅಷ್ಟೇ. ದತ್ತಾಂಶ ಬೇರೆ, ಅದನ್ನು ಓದುವ ಕಾರ್ಯಕ್ರಮ ಬೇರೆ ಅನ್ನುವ ಪಾಠಕ್ಕೆ ಈ ಎರಡು ಉದಾಹರಣೆ ಒಟ್ಟಿಗೆ ಕೊಟ್ಟು ನೋಡಿ. ಹಿಂದಿನ ಬೆಂಚಿಗೂ ತಿಳಿಯುತ್ತದೆ.

ಜಪಾನಿನಿಂದ ಬಂದ ಒಂದು ಆಟ

ನಾನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವ ಆಟ ನಮ್ಮ ಕಡೆ ಹೆಚ್ಚು ಜನ ಕಂಡದ್ದಲ್ಲ. ಅದರ ಹೆಸರು ಫೈರ್ ಪ್ರೋ ರೆಸ್ಲಿಂಗ್. ಜಪಾನಿನ ಹ್ಯೂಮನ್ ಎಂಬ ಕಂಪನಿ 1989ರಲ್ಲಿ ಪಿಸಿ ಎಂಜಿನ್ ಎಂಬ ಯಂತ್ರಕ್ಕೆ ಮೊದಲ ಆಟ ತಂದಿತು. ಆ ಕಂಪನಿ ಮುಚ್ಚಿದ ಮೇಲೆ ಸ್ಪೈಕ್ ಎಂಬ ಇನ್ನೊಂದು ಕಂಪನಿ ಸರಣಿಯನ್ನು ಮುಂದುವರಿಸಿತು. ಪ್ಲೇಸ್ಟೇಷನ್ 2ಕ್ಕೆ ಬಂದ ಫೈರ್ ಪ್ರೋ ರೆಸ್ಲಿಂಗ್ ರಿಟರ್ನ್ಸ್ ಜಪಾನಿನಲ್ಲಿ 2005ರಲ್ಲಿ, ಅಮೆರಿಕದಲ್ಲಿ 2007ರಲ್ಲಿ ಬಿಡುಗಡೆಯಾಯಿತು.

ಇದರಲ್ಲಿ ಮೊದಲೇ ಇರುವ ಪೈಲ್ವಾನರು 327. ಮುಖ, ಮೈಕಟ್ಟು, ಪಟ್ಟು ನೋಡಿದರೆ ಯಾರೆಂದು ಗೊತ್ತಾಗುತ್ತದೆ, ಆದರೆ ಹೆಸರು ಮಾತ್ರ ಬೇರೆ. ನಿಜವಾದ ಹೆಸರು ಬಳಸಲು ಹಕ್ಕು ಬೇಕಲ್ಲ! ಆದ್ದರಿಂದ ಅಭಿಮಾನಿಗಳು ಮಾಡಿದ ಮೊದಲ ಕೆಲಸ ಹೆಸರು ತಿದ್ದುವುದು. ಎರಡನೆಯದು, ಆಟದಲ್ಲಿ ಇಲ್ಲದವರನ್ನು ಕಟ್ಟುವುದು. ಹಳೆಯ ಕಾಲದವರು, ಬೇರೆ ದೇಶದವರು, ಸಣ್ಣ ಊರಿನ ಅಖಾಡದವರು, ಹೀಗೆ ನೂರಾರು ಜನ.

ಮೊದಮೊದಲು ಇದನ್ನು ಹಂಚುತ್ತಿದ್ದುದು ಬರಹದಲ್ಲಿ. ಒಬ್ಬ ಪೈಲ್ವಾನನ ಎಲ್ಲ ಸಂಖ್ಯೆ, ಎಲ್ಲ ಪಟ್ಟುಗಳನ್ನು ಪಟ್ಟಿ ಮಾಡಿ ಕೊಡುವುದು. ಬೇಕಾದವರು ಒಂದೊಂದಾಗಿ ತಮ್ಮ ಯಂತ್ರಕ್ಕೆ ತುಂಬಿಕೊಳ್ಳುವುದು. ಜಪಾನಿ ಓದಲು ಬಾರದವರು ಮೆನುವಿನ ಪ್ರತಿ ಸಾಲಿಗೂ ಇಂಗ್ಲಿಷಿನಲ್ಲಿ ಅರ್ಥ ಬರೆದು ಇಟ್ಟರು. ಮರಾಠಿ, ಮಲಯಾಳ, ತಮಿಳು, ತೆಲುಗಿನಲ್ಲಿ ಬಂದ ಸುತ್ತೋಲೆಯನ್ನು ಕನ್ನಡಕ್ಕೆ ಇಳಿಸಿ ಗೆಳೆಯರಿಗೆ ಕಳಿಸುವ ನಮಗೆ ಆ ಶ್ರಮ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಮೆಮೊರಿ ಕಾರ್ಡಿನಿಂದ ಕಂಪ್ಯೂಟರಿಗೆ ಸೇವ್ ಎತ್ತುವ ಸಣ್ಣ ಯುಎಸ್‌ಬಿ ಸಾಧನಗಳು ಬಂದವು. ಆಗ ತಿಂಗಳ ಶ್ರಮ ಒಂದು ಫೈಲಾಗಿ ಓಡಾಡತೊಡಗಿತು.

ಅನುಕೂಲವಾಯಿತು, ನಿಜ. ಆದರೆ ಒಂದು ಕಳೆದೂ ಹೋಯಿತು. ಪಟ್ಟಿ ನೋಡಿ ಕೈಯಾರೆ ತುಂಬಿದವನಿಗೆ ಯಾವ ಸಂಖ್ಯೆ ಏನು ಮಾಡುತ್ತದೆ ಎಂಬುದು ತಂತಾನೇ ತಿಳಿಯುತ್ತಿತ್ತು. ಫೈಲು ಹಾಕಿಕೊಂಡವನಿಗೆ ಪೈಲ್ವಾನ ಸಿಕ್ಕ, ತಿಳಿವಳಿಕೆ ಸಿಗಲಿಲ್ಲ. ನಮ್ಮ ತರಗತಿ ತುಂಬಬೇಕಾದ ಜಾಗ ಇದೇ.

ನೂರರ ಲೆಕ್ಕ

ಈ ಆಟದಲ್ಲಿ ಕಂಪ್ಯೂಟರು ಒಬ್ಬ ಪೈಲ್ವಾನನನ್ನು ಆಡಿಸುವಾಗ ಯಾವ ಪಟ್ಟು ಹಾಕಬೇಕೆಂದು ಹೇಗೆ ತೀರ್ಮಾನಿಸುತ್ತದೆ? ಕಟ್ಟಿದವರು ಪ್ರತಿ ಸನ್ನಿವೇಶಕ್ಕೂ ಪಟ್ಟುಗಳಿಗೆ ಶೇಕಡಾ ಹಂಚಿಟ್ಟಿರುತ್ತಾರೆ. ಎದುರಾಳಿ ಇನ್ನೂ ಗಟ್ಟಿಯಾಗಿರುವಾಗ ಒಂದು ಪಟ್ಟಿ, ಸ್ವಲ್ಪ ದಣಿದಾಗ ಇನ್ನೊಂದು, ಪೂರ್ತಿ ಸೋತು ಸುಣ್ಣವಾದಾಗ ಮತ್ತೊಂದು. ಪ್ರತಿ ಪಟ್ಟಿಯ ಮೊತ್ತ 100. ಈ ಆಟದ ಅಭಿಮಾನಿಗಳಲ್ಲಿ ಬಹಳ ಜನ ತಾವು ಆಡುವುದೇ ಇಲ್ಲ. ಇಬ್ಬರು ಪೈಲ್ವಾನರನ್ನು ಬಿಟ್ಟು, ತಾವು ಹಂಚಿದ ಸಂಖ್ಯೆಗೆ ತಕ್ಕಂತೆ ಕುಸ್ತಿ ನಡೆಯುತ್ತದೋ ಇಲ್ಲವೋ ಅಂತ ಕೂತು ನೋಡುತ್ತಾರೆ. ಊಹೆ, ಪ್ರಯೋಗ, ವೀಕ್ಷಣೆ, ತಿದ್ದುಪಡಿ: ನಾವು ವೈಜ್ಞಾನಿಕ ವಿಧಾನ ಅಂತ ಕಪ್ಪು ಹಲಗೆಯ ಮೇಲೆ ಬರೆಯುವುದು ಇದನ್ನೇ ಅಲ್ಲವೇನ್ರಿ?

ಈಗ ತರಗತಿಗೆ ಬನ್ನಿ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಮಕ್ಕಳಿಗೆ ತಾಲೀಮಿನ ಪಟ್ಟುಗಳ ಹೆಸರು ಗೊತ್ತು. ಬೇರೆ ಕಡೆಯವರು ತಮ್ಮೂರಿನ ಆಟದ ಹೆಸರು ಹಾಕಿಕೊಳ್ಳಲಿ. ನನ್ನ ಪಟ್ಟಿ ಹೀಗಿದೆ: ಏಕಲಂಗಿ 50, ಘಿಸ್ಸಾ 30, ಢಾಕ 15, ಕಲಾಜಂಗ 5. ಮೊತ್ತ 100. ಇಪ್ಪತ್ತು ಚೀಟಿ ತೆಗೆದುಕೊಳ್ಳಿ. ಒಂದು ಚೀಟಿ ಅಂದರೆ ಶೇಕಡಾ 5. ಹತ್ತು ಚೀಟಿಗೆ ಏಕಲಂಗಿ, ಆರಕ್ಕೆ ಘಿಸ್ಸಾ, ಮೂರಕ್ಕೆ ಢಾಕ, ಒಂದೇ ಒಂದಕ್ಕೆ ಕಲಾಜಂಗ ಬರೆಯಿರಿ. ಡಬ್ಬಿಗೆ ಹಾಕಿ ಅಲ್ಲಾಡಿಸಿ, ಒಂದು ಚೀಟಿ ಎತ್ತಿ, ಬರೆದುಕೊಂಡು, ಮತ್ತೆ ಡಬ್ಬಿಗೇ ಹಾಕಿ. ಹೀಗೆ 20 ಸಲ.

ಎತ್ತುವ ಮೊದಲೇ ಮಕ್ಕಳಿಂದ ಊಹೆ ಬರೆಸಿ. ಬಹುಪಾಲು ಮಕ್ಕಳು 10, 6, 3, 1 ಅಂತ ಬರೆಯುತ್ತಾರೆ. ಎತ್ತಿ ಮುಗಿದ ಮೇಲೆ ಕಲಾಜಂಗ ಒಮ್ಮೆಯೂ ಬಾರದ ಗುಂಪಿನಿಂದ ಕೂಗು ಏಳುತ್ತದೆ: "ಸರ್, ನಮ್ಮ ಡಬ್ಬಿ ಸರಿ ಇಲ್ರಿ!" ಆ ಕೂಗಿಗಾಗಿಯೇ ಈ ಚಟುವಟಿಕೆ. ಒಂದು ಸಲ ಕಲಾಜಂಗ ಬಾರದಿರುವ ಸಂಭವ 0.95. ಇಪ್ಪತ್ತು ಸಲವೂ ಬಾರದಿರುವ ಸಂಭವ 0.95 ಅನ್ನು ಇಪ್ಪತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.36. ಹತ್ತು ಗುಂಪು ಮಾಡಿದರೆ ಮೂರು-ನಾಲ್ಕು ಗುಂಪಿಗೆ ಕಲಾಜಂಗ ಬಾರದಿರುವುದೇ ಸಹಜ! ಈಗ ಹತ್ತೂ ಗುಂಪಿನ ಲೆಕ್ಕ ಕೂಡಿಸಿ. 200 ಸಲದಲ್ಲಿ ಅದು ಹತ್ತರ ಆಸುಪಾಸಿಗೆ ಬಂದಿರುತ್ತದೆ. ಸಂಖ್ಯೆ ಸುಳ್ಳಾಗಿರಲಿಲ್ಲ, ನೋಡಿದ್ದು ಕಡಿಮೆಯಾಗಿತ್ತು.

ಇಷ್ಟಾದ ಮೇಲೆ ಎರಡನೆಯ ಡಬ್ಬಿ ತಯಾರಿಸಿ: ಎದುರಾಳಿ ದಣಿದಾಗಿನ ಪಟ್ಟಿ. ಅದರಲ್ಲಿ ಢಾಕ 40, ಕಲಾಜಂಗ 30, ಉಳಿದ 30ನ್ನು ಮಿಕ್ಕ ಎರಡಕ್ಕೆ ಹಂಚಿ. ಯಾವ ಡಬ್ಬಿಯಿಂದ ಎತ್ತಬೇಕು ಎನ್ನುವುದು ಆಗಿನ ಪರಿಸ್ಥಿತಿಯ ಮೇಲೆ ನಿಂತಿದೆ. ಮುಂದೆ ಪಿಯುಸಿ ಹಂತದಲ್ಲಿ ಷರತ್ತಿನ ಸಂಭವನೀಯತೆ ಎಂದು ಅವರನ್ನು ಕಾಡುವ ಅಧ್ಯಾಯದ ಬೀಜ ಇಲ್ಲೇ ಬಿತ್ತಿದಂತಾಯಿತು.

ಎಂಟು ಎಂಬಿಯ ಕಾರ್ಡು, ಎಂಟೂಕಾಲು ಎಂಬಿಯ ನಕಲು

ಇನ್ನೊಂದು ಲೆಕ್ಕ ಕೊಡುತ್ತೇನೆ. ಪ್ಲೇಸ್ಟೇಷನ್ 2ರ ಮೆಮೊರಿ ಕಾರ್ಡು 8 ಎಂಬಿಯದು, ಅಂದರೆ 83,88,608 ಬೈಟು. ಆದರೆ ಅದನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ನಕಲು ಮಾಡಿದರೆ ಸಿಗುವ ಫೈಲು 86,50,752 ಬೈಟು. ಹೆಚ್ಚಿನ 2,62,144 ಬೈಟು ಎಲ್ಲಿಂದ ಬಂತು?

ಕಾರ್ಡಿನಲ್ಲಿ 16,384 ಪುಟಗಳಿವೆ. ಪ್ರತಿ ಪುಟಕ್ಕೆ 512 ಬೈಟು ಮಾಹಿತಿ, ಜೊತೆಗೆ 16 ಬೈಟು ಹೆಚ್ಚುವರಿ. 16,384 ಅನ್ನು 16ರಿಂದ ಗುಣಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಈ ಹೆಚ್ಚುವರಿ ಜಾಗದಲ್ಲಿ ತಪ್ಪು ಪತ್ತೆ ಮಾಡಿ ತಿದ್ದುವ ಸಂಕೇತ ಇರುತ್ತದೆ. ಯಾವುದೋ ಒಂದು ಬಿಟ್ಟು ಸೊನ್ನೆಯಿಂದ ಒಂದಕ್ಕೆ ತಿರುಗಿದರೆ ಅದು ಯಾವುದೆಂದು ಕಂಡುಹಿಡಿದು ಸರಿಪಡಿಸಲು ಈ ಸಂಕೇತ ನೆರವಾಗುತ್ತದೆ. ಈ ಬಗೆಯ ಸಂಕೇತಗಳಿಗೆ ದಾರಿ ತೋರಿಸಿದವರು ಅಮೆರಿಕದ ಬೆಲ್ ಲ್ಯಾಬ್ಸಿನ ರಿಚರ್ಡ್ ಹ್ಯಾಮಿಂಗ್. ಅವರ ಪ್ರಬಂಧ ಪ್ರಕಟವಾದದ್ದು 1950ರಲ್ಲಿ.

ಇದನ್ನೂ ತರಗತಿಯಲ್ಲಿ ಮಾಡಿ ತೋರಿಸಬಹುದು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್ ಎಂಬ ಕಾರ್ಯಕ್ರಮದ ಒಂದು ಆಟ ಇದೆ. ಒಂದು ಬದಿ ಕಪ್ಪು, ಒಂದು ಬದಿ ಬಿಳಿ ಇರುವ 25 ರಟ್ಟಿನ ತುಂಡುಗಳನ್ನು ಐದು ಸಾಲಿನಲ್ಲಿ ಐದೈದರಂತೆ ಮಗು ಮನಬಂದಂತೆ ಜೋಡಿಸಲಿ. ನೀವು ಬಲಕ್ಕೊಂದು ಸಾಲು, ಕೆಳಗೊಂದು ಸಾಲು ಸೇರಿಸಿ, ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಕಪ್ಪು ತುಂಡುಗಳು ಸಮಸಂಖ್ಯೆಯಲ್ಲಿ ಇರುವಂತೆ ಮಾಡಿ. ಮುಖ ತಿರುಗಿಸಿ ನಿಲ್ಲಿ. ಮಗು ಒಂದು ತುಂಡನ್ನು ಮಗುಚಲಿ. ನೀವು ತಿರುಗಿ ನೋಡಿ, ಬೆಸಸಂಖ್ಯೆ ಬಂದ ಅಡ್ಡಸಾಲು ಮತ್ತು ಕಂಬಸಾಲು ಕೂಡುವ ಕಡೆ ಬೆರಳಿಟ್ಟರೆ ಅದೇ ತುಂಡು! ಮಕ್ಕಳು ಜಾದು ಅಂತಾರೆ. ಜಾದು ಅಲ್ರಪಾ, ಗಣಿತ ಅನ್ನುವ ಅವಕಾಶ ನಿಮ್ಮದು.

ಹಾಕಿಕೊಳ್ಳುವ ಮೊದಲು

ಮಕ್ಕಳು ಹೇಗೂ ಬೇರೆಯವರ ಸೇವ್ ತರುತ್ತಾರೆ. ಹಾಗಿದ್ದಮೇಲೆ ನಾಲ್ಕು ಮಾತು ಹೇಳಿಕೊಡುವುದು ಒಳ್ಳೆಯದು.

ಮೊದಲನೆಯದು, ನಿನ್ನದನ್ನು ಮೊದಲು ಬೇರೆ ಕಡೆ ನಕಲು ಮಾಡಿಡು. ಇಂಥ ಆಟದಲ್ಲಿ ಕಟ್ಟಿದ ಪೈಲ್ವಾನರೆಲ್ಲ ಒಂದೇ ಸೇವಿನೊಳಗೆ ಇರುವುದರಿಂದ, ಹೊಸದು ಕೂತರೆ ಹಳೆಯದು ಅಳಿಯುತ್ತದೆ. ಯಂತ್ರವನ್ನೇ ನಂಬಿ ಕೂರಲೂ ಆಗದು. 2000ರಲ್ಲಿ ನಿಂಟೆಂಡೋ 64ಕ್ಕೆ ಬಂದ ನೋ ಮರ್ಸಿ ಎಂಬ ಬಹು ಹೆಸರಾದ ಕುಸ್ತಿ ಆಟದ ಮೊದಲ ಕ್ಯಾಸೆಟ್ಟುಗಳಲ್ಲಿ ಉಳಿಸಿದ್ದೆಲ್ಲ ತಂತಾನೇ ಅಳಿಸಿಹೋಗುವ ದೋಷವೇ ಇತ್ತು. ಆ ಕಾಲದ ಇನ್ನೆಷ್ಟೋ ಕ್ಯಾಸೆಟ್ಟುಗಳಲ್ಲಿ ಸೇವ್ ಉಳಿಯುತ್ತಿದ್ದುದು ಒಳಗಿನ ಗುಂಡಿಯಾಕಾರದ 3 ವೋಲ್ಟ್ ಕೋಶದ ಬಲದಿಂದ. ಕೋಶ ಸತ್ತರೆ ನೆನಪೂ ಸತ್ತಂತೆ. ವಿದ್ಯುತ್ ಕೋಶದ ಪಾಠಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಬೇಕೆ?

ಎರಡನೆಯದು, ನಿನ್ನ ಆಟ ಯಾವ ದೇಶದ್ದೆಂದು ನೋಡು. ಜಪಾನಿನ ಡಿಸ್ಕಿನ ಸೇವು ಅಮೆರಿಕದ ಡಿಸ್ಕಿಗೆ ಹೊಂದುವುದಿಲ್ಲ. ಯಾವ ಪ್ರದೇಶದ್ದೆಂಬ ಗುರುತು ಸೇವಿನ ಹೆಸರಿನಲ್ಲೇ ಇರುತ್ತದೆ.

ಮೂರನೆಯದು, ಸೇವ್ ಬೇರೆ, ಸ್ಟೇಟ್ ಬೇರೆ. ಎಮ್ಯುಲೇಟರಿನಲ್ಲಿ ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಇಡುವ ಸೇವ್ ಸ್ಟೇಟ್ ಎಂಬುದು ಇಡೀ ಯಂತ್ರದ ಆ ಕ್ಷಣದ ಚಿತ್ರ. ಎಮ್ಯುಲೇಟರಿನ ಆವೃತ್ತಿ ಬದಲಾದರೆ ಅದು ತೆರೆಯದೇ ಹೋಗಬಹುದು. ಮೆಮೊರಿ ಕಾರ್ಡಿನ ಸೇವು ಹಾಗಲ್ಲ. ಆಟವೇ ಬರೆದದ್ದಾದ್ದರಿಂದ ಯಂತ್ರದಿಂದ ಯಂತ್ರಕ್ಕೆ ಸಾಗುತ್ತದೆ.

ನಾಲ್ಕನೆಯದು, ಸೇವ್ ಫೈಲು ಹಾಕಿಕೊಳ್ಳಲು ಯಾವುದೇ ಆ್ಯಪ್ ಇನ್‌ಸ್ಟಾಲ್ ಮಾಡು, ಫೋನ್ ನಂಬರ್ ಕೊಡು ಅಂತ ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬಾ. ಸಂಖ್ಯೆಗಳ ಪಟ್ಟಿಗೆ ನಿನ್ನ ನಂಬರ್ ಬೇಕಿಲ್ಲ.

ಆಕ್ಷೇಪಣೆಗಳಿಗೆ ಉತ್ತರ

ಹೊಡೆದಾಟದ ಆಟವನ್ನು ಶಾಲೆಗೆ ತರುವುದು ಸರಿಯೇ ಎಂದು ಕೇಳುವವರಿದ್ದಾರೆ. ನಾನು ಆಟವನ್ನು ಶಾಲೆಗೆ ತನ್ನಿ ಅನ್ನುತ್ತಿಲ್ಲ. ಮೇಲೆ ಹೇಳಿದ ಎರಡೂ ಚಟುವಟಿಕೆಯಲ್ಲಿ ಪರದೆಯೇ ಇಲ್ಲ. ಕುಸ್ತಿ ಬೇಡವಾದರೆ ಕಬಡ್ಡಿಯ ಹಿಡಿತಗಳನ್ನು ಬರೆಯಿರಿ, ಕ್ರಿಕೆಟ್ಟಿನ ಹೊಡೆತಗಳನ್ನು ಬರೆಯಿರಿ, ಲೆಕ್ಕ ಬದಲಾಗುವುದಿಲ್ಲ.

ಇದು ಕಳ್ಳ ನಕಲಿಗೆ ಬೆಂಬಲ ಅಲ್ಲವೇ ಎಂಬ ಮಾತು ಇನ್ನೂ ಗಟ್ಟಿಯಾದದ್ದು. ಆಟದ ಡಿಸ್ಕಿನ ನಕಲನ್ನು ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆ. ಆಟ ಅಂಗಡಿಯಲ್ಲಿ ಸಿಗುವುದಿಲ್ಲ ಅನ್ನುವುದು ಅದಕ್ಕೆ ಪರವಾನಗಿ ಆಗದು. ಮಕ್ಕಳಿಗೆ ಇದನ್ನು ನೇರವಾಗಿಯೇ ಹೇಳಬೇಕು. ಆದರೆ ಆಟಗಾರರು ತಾವೇ ಕೂತು ಕಟ್ಟಿ, ದುಡ್ಡು ಕೇಳದೆ ಹಂಚಿದ ಸೇವಿನಲ್ಲಿ ಇರುವುದು ಅವರ ಶ್ರಮ. ಇವೆರಡರ ನಡುವಿನ ಗೆರೆಯನ್ನು ಮಕ್ಕಳಿಗೆ ತೋರಿಸದೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದರೆ, ಅವರು ಎರಡನ್ನೂ ಪುಕ್ಕಟೆ ಮಾಲು ಅಂತ ತಿಳಿಯುತ್ತಾರೆ. ಅದು ಹೆಚ್ಚು ಅಪಾಯ.

ಸಿದ್ಧ ಸೇವು ಮಕ್ಕಳನ್ನು ಸೋಮಾರಿ ಮಾಡುತ್ತದೆ ಎಂಬುದು ಮೂರನೆಯ ಆಕ್ಷೇಪ. ಬಿಚ್ಚದೆ ಬಳಸಿದರೆ ಹೌದು. ಗೈಡಿನ ಉತ್ತರ ನಕಲು ಮಾಡಿದಂತೆಯೇ ಅದು. ಆದರೆ ಬಿಡಿಸಿದ ಒಂದು ಲೆಕ್ಕವನ್ನು ಮುಂದಿಟ್ಟು, ಈ ಹೆಜ್ಜೆ ಯಾಕೆ ಬಂತು, ಇದೊಂದು ಸಂಖ್ಯೆ ಬದಲಾದರೆ ಏನಾಗುತ್ತದೆ ಅಂತ ಕೇಳುವುದು ನಮ್ಮ ಹಳೆಯ ಪಾಠಕ್ರಮವೇ. ಒಂದು ಸಂಖ್ಯೆ ಮಾತ್ರ ಬದಲಿಸು, ಏನಾಗುತ್ತದೆಂದು ಮೊದಲು ಬರೆ, ಆಮೇಲೆ ನೋಡು: ಸೋಮಾರಿತನಕ್ಕೆ ಮದ್ದು ಇಷ್ಟೇ.

ಕಟ್ಟಿದವರ ಹೆಸರು

ಕೊನೆಯದಾಗಿ, ಇದು ಮಕ್ಕಳಿಗಿಂತ ಹೆಚ್ಚಾಗಿ ನಮಗೆ ಸಂಬಂಧಿಸಿದ ಮಾತು.

ಹಳೆಯ ಮೆಮೊರಿ ಕಾರ್ಡಿನ ಸೇವುಗಳಲ್ಲಿ ಒಂದು ತೊಂದರೆ ಇತ್ತು. ಹತ್ತಾರು ಜನ ಕಟ್ಟಿದ ಪೈಲ್ವಾನರು ಒಂದೇ ಫೈಲಿನಲ್ಲಿ ಸೇರಿಹೋದರೆ ಯಾರದ್ದು ಯಾವುದೆಂದು ಆಟ ಹೇಳದು. ಹಾಗಾಗಿ ಒಳ್ಳೆಯ ರೂಢಿಯುಳ್ಳವರು ಫೈಲಿನ ಜೊತೆಗೆ ಒಂದು ಚಿಕ್ಕ ಬರಹ ಇಡುತ್ತಿದ್ದರು: ಕಟ್ಟಿದವರು ಯಾರು, ಯಾರದ್ದನ್ನು ಆಧರಿಸಿದ್ದು, ಏನು ಬದಲಾಗಿದೆ. 2017ರಲ್ಲಿ ಕಂಪ್ಯೂಟರಿಗೆ ಬಂದ ಫೈರ್ ಪ್ರೋ ರೆಸ್ಲಿಂಗ್ ವರ್ಲ್ಡ್ ಆಟದಲ್ಲಿ ಸ್ಟೀಮಿನ ವರ್ಕ್‌ಶಾಪ್ ಮೂಲಕ ಒಬ್ಬೊಬ್ಬ ಪೈಲ್ವಾನನನ್ನೂ ಬಿಡಿಬಿಡಿಯಾಗಿ ಹಂಚಿಕೊಳ್ಳುವ ವ್ಯವಸ್ಥೆ ಬಂತು. ಪ್ರತಿಯೊಂದರ ಪಕ್ಕದಲ್ಲೂ ಹಂಚಿದವರ ಗುರುತು ಕಾಣುತ್ತದೆ.

ನಮ್ಮ ಸ್ಥಿತಿ ಈಗ ಹಳೆಯ ಮೆಮೊರಿ ಕಾರ್ಡಿನಂತೆಯೇ ಇದೆ. ಗಡಿಯಾಚೆಯ ಕನ್ನಡ ಶಾಲೆ ನಡೆಯುವುದರಲ್ಲಿ ಶಿಕ್ಷಕರು ಶಿಕ್ಷಕರಿಗೆ ಕಳಿಸುವ ಫೈಲುಗಳ ಪಾಲು ದೊಡ್ಡದು. ಯಾರೋ ರಾತ್ರಿ ಕೂತು ಅನುವಾದಿಸಿದ ಪಾಠ, ಯಾರೋ ಬರೆದ ಚಿತ್ರ, ಯಾರೋ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ವಾಟ್ಸ್ಯಾಪಿನಲ್ಲಿ ಹತ್ತು ಗುಂಪು ದಾಟುವಷ್ಟರಲ್ಲಿ ಹೆಸರು ಕಳಚಿರುತ್ತದೆ. ಹೆಸರು ಹೋದರೆ ಮಾನ ಒಂದೇ ಹೋಗುವುದಲ್ಲ. ಅದರಲ್ಲಿ ಒಂದು ತಪ್ಪು ಕಂಡರೆ ಯಾರಿಗೆ ಹೇಳಬೇಕು? ತಿದ್ದಿದ ಪ್ರತಿ ಯಾವುದು, ತಿದ್ದದ್ದು ಯಾವುದು? ತಪ್ಪು ತಿದ್ದುವ ಆ 16 ಬೈಟಿನ ಜಾಗವನ್ನು ನಾವು ಇಟ್ಟುಕೊಂಡೇ ಇಲ್ಲ.

ಆದ್ದರಿಂದ ನಮ್ಮ ಸಂಘದ ಮುಂದೆ ನನ್ನ ಸಲಹೆ ಚಿಕ್ಕದು. ನಾವು ಹಂಚುವ ಪ್ರತಿ ಫೈಲಿನ ಮೊದಲ ಪುಟದಲ್ಲಿ ಮೂರು ಸಾಲು ಇರಲಿ: ಯಾರು ಮಾಡಿದ್ದು, ಯಾರದ್ದನ್ನು ಆಧರಿಸಿದ್ದು, ಯಾವ ದಿನ ಏನು ಬದಲಿಸಿದ್ದು. ಪಡೆದವರು ಆ ಸಾಲು ಅಳಿಸದೆ, ಕೆಳಗೆ ತಮ್ಮದೊಂದು ಸಾಲು ಸೇರಿಸಿ ಮುಂದೆ ಕಳಿಸಲಿ. ಇದಕ್ಕೆ ಖರ್ಚಿಲ್ಲ, ಅನುಮತಿ ಬೇಕಿಲ್ಲ. ಈ ತಿಂಗಳು ಚೀಟಿಯ ಪ್ರಯೋಗ ಮಾಡಿದವರು ತಮ್ಮ 200 ಸಲದ ಲೆಕ್ಕವನ್ನು ಈ ಮೂರು ಸಾಲಿನ ಜೊತೆಗೇ ಪತ್ರಿಕೆಗೆ ಕಳಿಸಿರಿ. ಚೀಟಿ ಎತ್ತಿದ ಮಕ್ಕಳ ಹೆಸರನ್ನೂ ಬರೆಯಿರಿ, ಮಾಡಿದವರು ಅವರೇ ಅಲ್ಲವೇ.